ಚಳಿಗೆ ಕಟ್ಟಿದ ರಟ್ಟು

"ಮುಚ್ಚಳ ಮುಟ್ಬೇಡ!"

ಗೇಟು ದಾಟಿ ಓಡಿ ಬಂದವನು ಅವಳ ಕೈ ಹಿಡಿದೆಳೆದ. ಕಾರಿನ ಬಾನೆಟ್ಟಿನಡಿ ಹಬೆ ಬುಸುಗುಡುತ್ತಿತ್ತು.

ಎಷ್ಟು ತಿಂಗಳಾದ ಮೇಲೆ ಗಂಡನ ಕೈ! ಅವನೋ, ತಟ್ಟನೆ ಬಿಟ್ಟುಬಿಟ್ಟ.

"ಫೋನ್ ಮಾಡಿದ್ದು ಕಾರಿಗೋಸ್ಕರ," ಎಂದಳು ಬಿಗುವಾಗಿ.

"ಗೊತ್ತು. ನನಗೋಸ್ಕರ ಯಾಕೆ ಮಾಡ್ತೀಯ?"

ಅವಳು ನರ್ಸು. ದಿನವಿಡೀ ಕಂಡವರ ಜ್ವರ ನೋಡಿ ಮನೆಗೆ ಬಂದರೆ, ಉಂಡೆಯಾ ಎಂದು ಕೇಳುವ ಜೀವವಿಲ್ಲ. ಮಾತಿಗೆ ಮಾತು ಬೆಳೆದ ದಿನ ಅಕ್ಕನ ಮನೆಗೆ ಹೋದವನು ತಿರುಗಿ ಬಂದಿರಲಿಲ್ಲ. ಒಲೆಯ ಮುಂದೆ ನಿಂತೇ ಉಣ್ಣುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಎಂಜಿನ್ ತಣಿಯುವವರೆಗೆ ಇಬ್ಬರೂ ಮೆಟ್ಟಿಲಿನ ಎರಡು ತುದಿಗೆ ಕೂತರು. 'ಒಂದು ಮಾತಾದರೂ ಆಡಬಾರದೇ...' ಅವಳ ಮನಸ್ಸು ಗೋಗರೆಯಿತು.

"ನೀನು ನನ್ನ ಬಟ್ಟೆಬರೆನೆಲ್ಲ ಕಟ್ಟಿ ಕಳಿಸಿಬಿಟ್ಟೆ. ಒಂದು ಟವೆಲ್ ಕೂಡ ಉಳಿಸ್ಕೊಳ್ಲಿಲ್ಲ," ಎಂದ, ನೆಲ ನೋಡುತ್ತ.

"ನೀವೇ ಕೇಳಿದ್ರಂತಲ್ಲ! ನಿಮ್ಮಕ್ಕ ಹೇಳಿದ್ರು."

"ನಾನಾ? ನಾನು ಕೇಳೇ ಇಲ್ಲ ಕಣೇ! ನೀನು ಕಳಿಸಿದ್ಮೇಲೆ ಇನ್ಯಾವ ಮುಖ ಇಟ್ಕೊಂಡು ಬರ್ಲಿ?"

"ಹಾಗಾದ್ರೆ ನಿಮ್ಮಕ್ಕನೇ..." ಅವಳು ಅವನತ್ತ ತಿರುಗಿದಳು.

ಅವನು ಎದ್ದು ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬಿದ. ಪೈಪು ಸೋರುತ್ತಿರಲಿಲ್ಲ. ಎಂಜಿನ್ ಶುರು ಮಾಡಿದ, ಫ್ಯಾನೂ ತಿರುಗಿತು. ಆದರೆ ಶಾಖದ ಮುಳ್ಳು ಮತ್ತೆ ಮೇಲೇರತೊಡಗಿತು!

"ಎಲ್ಲ ಸರಿಯಿದ್ರೂ ಕುದಿಯುತ್ತೆ... ನಿನ್ನ ಬುದ್ಧಿನೇ ಬಂದಿದೆ ಇದಕ್ಕೆ."

ಎಂಜಿನ್ ಆರಿಸಿ ಮುಂದಿನ ಜಾಲರಿಯೊಳಗೆ ಇಣುಕಿದವನು ಹಾಗೇ ನಿಂತ.

ರೇಡಿಯೇಟರಿನ ಮುಂದೊಂದು ರಟ್ಟು. ಅವಳು ನಸುಕಿನ ಪಾಳಿಗೆ ಹೊರಡುವಾಗ ಎಂಜಿನ್ ಬೇಗ ಬೆಚ್ಚಗಾಗಲೆಂದು ಚಳಿಗಾಲದಲ್ಲಿ ಅವನೇ ಇಟ್ಟು, ಬ್ಯಾಂಡೇಜು ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದು. ಈಗ ಸುಡುಬೇಸಿಗೆ. ಗಾಳಿಯೇ ತಾಗದೆ ಎಂಜಿನ್ ಬೇಯುತ್ತಿತ್ತು.

"ಚಳಿ ಹೋದ್ಮೇಲೆ ಬಿಚ್ಚು ಅಂದಿದ್ನಲ್ಲ?"

"ಅಂದಿದ್ರಿ..." ಅವಳು ಜಾಲರಿಯೊಳಗಿನ ಕಟ್ಟನ್ನೇ ನೋಡಿದಳು. "ನಿಮ್ಮ ಕೈಯಿಂದಾಗಿದ್ದು ಅಂತ ಈ ಮನೇಲಿ ಉಳಿದಿದ್ದು ಅದೊಂದೇ. ಬಿಚ್ಚೋಕೆ ಮನಸ್ಸು ಬರ್ಲಿಲ್ಲ."

ಅವನು ಬಹಳ ಹೊತ್ತು ಆ ಕಟ್ಟು ಬಿಚ್ಚುತ್ತಲೇ ಇದ್ದ. ಕಣ್ಣೊರೆಸಿಕೊಂಡಾಗ ಕೆನ್ನೆಗೆಲ್ಲ ಮಸಿ. ಅವಳು ಸೆರಗಿನಿಂದ ಒರೆಸಿದಳು.

"ರಟ್ಟು ಎಸೀಬೇಡ. ಚಳಿ ಬಂದ್ರೆ ಮತ್ತೆ ಕಟ್ಬೇಕು."

"ಯಾರು ಕಟ್ತಾರೆ?"

"ನಾನೇ... ಅಕ್ಕನ ಮನೆಯಿಂದ ಬಟ್ಟೆ ತಂದ್ಬಿಡ್ಲಾ?"

"ಜೊತೆಗೆ ಹೋಗೋಣ. ಕಾರ್ ಇನ್ನು ಬಿಸಿಯಾಗಲ್ಲ ತಾನೇ?"

"ನೀನು ಆಗ್ದಿದ್ರೆ ಸಾಕು!"

ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು.

"ಮೊದ್ಲು ಕೈ ತೊಳ್ಕೊಂಡು ಬನ್ನಿ. ಊಟ ಮಾಡೋಣ... ಕೂತ್ಕೊಂಡು."