ನಾಲ್ಕನೇ ರೀಲಿನ ತುಟಿಗಳು

ಇದು ನಡೆದದ್ದೇ. ನಾನು ಬಣ್ಣ ಹಚ್ಚಿದ್ದರೆ ಅಂಚಿಗೊಂದಿಷ್ಟು, ಅಷ್ಟೆ. "ನಾಲ್ಕನೇ ರೀಲು ಓಡುವಾಗ ಬಾಯಿ ಬಿಡಬ್ಯಾಡ್ರಿ ಮೇಷ್ಟ್ರೇ" ಎಂದು ಶಕುಂತಲಮ್ಮ ಹೇಳಿದಾಗ ಮಹಾಂತೇಶ, "ಆಕಳಿಕೆ ಬಂದ್ರೆ ಅರ್ಜಿ ಕೊಡ್ಲೇನಮ್ಮಾ?" ಎಂದು ಆಕೆಯದೇ ದನಿಯಲ್ಲಿ ಕೇಳಿದ.

ಮಹಾಂತೇಶ ಶಿಕಾರಿಪುರದ ಕಾಲೇಜಿಗೆ ಇಂಗ್ಲಿಷ್ ಪಾಠಕ್ಕೆ ಜೂನ್‌ನಲ್ಲಷ್ಟೇ ಬಂದವನು. ಪ್ರಿನ್ಸಿಪಾಲರಿಂದ ಬಸ್ ಕಂಡಕ್ಟರನವರೆಗೆ ಯಾರ ಗಂಟಲನ್ನಾದರೂ ಎರವಲು ತರುತ್ತಿದ್ದ. ಅವನಿಗಿದ್ದ ಆಸ್ತಿಯೂ ಅದೊಂದೇ. ಹತ್ತು ವರ್ಷ ಡಬ್ಬಿಂಗ್‌ನವರ ಬಾಗಿಲು ಕಾಯ್ದು, ಕಡೆಗೂ ಒಬ್ಬ ನಾಯಕನಟನಿಗೆ ದನಿ ಕೊಡುವ ಕೆಲಸ ಗಿಟ್ಟಿಸಿದ್ದ. ಸೋಮವಾರ ಆ ಕೆಲಸಕ್ಕೆ ಹೊರಡಬೇಕು.

ಅವತ್ತು ಶನಿವಾರ ಮಧ್ಯಾಹ್ನ. ಹಾಲಿವುಡ್ಡಿನ ಹಳೇ ಸ್ಟುಡಿಯೊಗಳ ಕಾಲದ ಚಿತ್ರವೊಂದನ್ನು ಹುಡುಗರಿಗೆ ತೋರಿಸುವ ಹುಕಿಯಲ್ಲಿ, ಮೊದಲು ತಾನೊಬ್ಬನೇ ನೋಡಿಬಿಡೋಣವೆಂದು ಆನವಟ್ಟಿಯ ಮುಚ್ಚಿದ ಟಾಕೀಸಿಗೆ ಬಂದಿದ್ದ. ಈಗದು ಮೆಕ್ಕೆಜೋಳದ ಗೋದಾಮು. ಒಳಗೆ ಜೋಳದ ದೂಳು, ಬಾವಲಿ ಹಿಕ್ಕೆ, ಹಳೇ ಫಿಲ್ಮಿನ ಹುಳಿ ಹುಳಿ ವಾಸನೆ. ಉಳಿದದ್ದು ಅದೊಂದೇ ಅಮೆರಿಕದ ಪ್ರಿಂಟು, ಜತೆಗೆ ಆಪರೇಟರ್ ತೋಟಪ್ಪ, ಶಕುಂತಲಮ್ಮನ ಗಂಡ.

ತೋಟಪ್ಪನಿಗೆ ಮಾತಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಹಿಂದೆ ಇಂಗ್ಲಿಷ್ ಪಿಕ್ಚರ್ ಬಂದರೆ ಆಪರೇಟರೇ ಕ್ಯಾಬಿನ್ನಿನಲ್ಲಿ ಮೈಕು ಹಿಡಿದು ಕನ್ನಡದಲ್ಲಿ ಕತೆ ಹೇಳುವ ರೂಢಿ; ನಾಯಕ, ನಾಯಕಿ, ಕುದುರೆ, ಎಲ್ಲಕ್ಕೂ ಅವನದೇ ಬಾಯಿ. ಈ ಚಿತ್ರದ ನಾಲ್ಕನೇ ರೀಲಿನಲ್ಲಿ ನಾಯಕಿಯ ತುಟಿ ಆಡುತ್ತದೆ, ಸದ್ದಿಲ್ಲ. ಇಪ್ಪತ್ತೆರಡರ ತೋಟಪ್ಪ ಆ ತುಟಿಗೆ ಮಾತು ಕೊಟ್ಟ. ಅವತ್ತೇ ಅವನ ದನಿ ಹೋಯಿತು. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಎದುರು ಟಾಕೀಸಿನವರು ಮಾಟ ಮಾಡಿಸಿದರೆಂದು ಜನ ಅಂದರು. ತೊಗರ್ಸಿ ಕಡೆಯವರೊಬ್ಬರು ಅಂಜನ ಹಾಕಿ ನೋಡಿದರೆ, ವೀಳ್ಯದೆಲೆಯ ಮಸಿಯಲ್ಲಿ ಕಂಡದ್ದು ಬಿಳಿ ಹೆಂಗಸು. ತನ್ನ ಗಂಟಲು ಹಿಡಿದುಕೊಂಡು ನಿಂತಿದ್ದಳಂತೆ. ಆಮೇಲೆ ಆ ರೀಲನ್ನು ಎಲ್ಲರೂ ತೆಪ್ಪಗೆ ಕೂತು ನೋಡಿದರು.

ಮಹಾಂತೇಶ ಇದಕ್ಕೂ ಪಾಠ ಮಾಡಿದ. ಅಲ್ಲಿನ ಸ್ಟುಡಿಯೊ ಧಣಿಗಳು ನಟಿಯರನ್ನು ಏಳು ವರ್ಷದ ಕರಾರಿಗೆ ಕಟ್ಟಿಹಾಕಿ, ಹೆಸರು ಬದಲಿಸಿ, ಹಲ್ಲು ತಿದ್ದಿಸಿ, ಹಿಡಿಸದಿದ್ದರೆ ದನಿಯನ್ನೂ ಅಳಿಸಿ ಬೇರೆಯವಳದ್ದನ್ನು ಅಂಟಿಸುತ್ತಿದ್ದರು. ಇದರಲ್ಲಿ ಅಂಟಿಸುವುದನ್ನು ಮರೆತಿದ್ದಾರೆ, ಅಷ್ಟೇ.

ಶಕುಂತಲಮ್ಮ ಪೂರ್ತಿ ಕೇಳಿಸಿಕೊಂಡಳು. "ಹಂಗಾದ್ರೆ ಅವಳ ಸಿಟ್ಟು ಸುಳ್ಳಲ್ಲ ಬಿಡ್ರಿ."

ಕಿಟಕಿ ಮುಚ್ಚಿದರು. ಪ್ರೊಜೆಕ್ಟರಿನ ದೀಪದ ಕಾರ್ಬನ್ ಕಡ್ಡಿ ಚುರುಗುಟ್ಟಿತು. ಮೂರು ರೀಲು ಸುಸೂತ್ರವಾಗಿ ಓಡಿದವು. ನಾಲ್ಕನೆಯದು ಶುರುವಾಗುವಷ್ಟರಲ್ಲಿ ಮಹಾಂತೇಶ ಮೆಲ್ಲಗೆ ಪರದೆಯ ಹಿಂದೆ ನುಸುಳಿದ. ಮುದುಕನನ್ನು ಒಮ್ಮೆ ಬೆಚ್ಚಿಬೀಳಿಸಬೇಕು.

ಪರದೆಯ ಹಿಂದೆ ಕತ್ತಲು ಬೆವರುತ್ತಿತ್ತು. ಬಟ್ಟೆಯ ತೂತುಗಳಿಂದ ಬೆಳಕಿನ ಚುಕ್ಕಿಗಳು ಬಂದು ಅವನ ಅಂಗಿಯ ಮೇಲೆ ಹರಿದಾಡಿದವು. ತಲೆಯ ಮೇಲೆ ನಾಯಕಿಯ ಆಳೆತ್ತರದ ಮುಖ. ತುಟಿ ತೆರೆಯಿತು. ಅವನು ಹೆಣ್ಣುದನಿ ತೆಗೆದ.

"ತೋಟಪ್ಪಾ, ನನ್ನ ಮಾತು ಎಲ್ಲಿ ಹೋಯ್ತೋ?"

ತುಟಿಗೂ ಮಾತಿಗೂ ಕೂದಲೆಳೆಯ ಅಂತರವೂ ಇರಲಿಲ್ಲ. ಅವನಿಗೇ ಹೆಮ್ಮೆಯಾಯಿತು. ನಿಲ್ಲಿಸಿದ. ಮಾತು ನಿಲ್ಲಲಿಲ್ಲ.

ಬಾಯಿ ಮುಚ್ಚಿದ. ಅವಳು ಆಡುತ್ತಲೇ ಇದ್ದಳು. ಈಗ ಹೆಣ್ಣುದನಿಯಲ್ಲ. ಅವನ ದನಿ. ಯಾರದ್ದೂ ಅಣಕವಲ್ಲದ, ಅವ್ವನ ಹತ್ತಿರ ಮಾತ್ರ ಆಡುವ ದನಿ. ಅವಳು ಶಕುಂತಲಮ್ಮ ಕೂತಿದ್ದ ಕಡೆಗೆ ಬೆನ್ನು ಹಾಕಿದಳು. ಅವನತ್ತ ತಿರುಗಿದಳು. ಹುಳಿ ವಾಸನೆ ಮೂಗಿಗಡರಿತು. ಮಿಷನ್ ನಿಲ್ಲಿಸಿ ಎಂದು ಕೂಗಿದ. ಗಂಟಲಲ್ಲಿ ಬರೀ ಗಾಳಿ. "ಮಿಷನ್ ನಿಲ್ಸ್ರೀ" ಎಂದದ್ದು ಅವಳು. ಮತ್ತೆ ಕೂಗಿದ. ಮತ್ತೆ ಅವಳೇ. ಅತ್ತ. ಅಳುವೂ ಅವಳ ಬಾಯಿಂದಲೇ ಕೇಳಿಸಿತು.

ರೀಲು ಮುಗಿಯಿತು. ಬೆಳ್ಳಗೆ ಬೆಳಕು. ಮಹಾಂತೇಶ ಪರದೆ ಸರಿಸಿಕೊಂಡು ಎಡವುತ್ತ ಓಡಿಬಂದ. ತೋಟಪ್ಪ ಗೋಡೆ ಹಿಡಿದುಕೊಂಡು ಕ್ಯಾಬಿನ್ನಿನ ಮೆಟ್ಟಿಲಿಳಿದು ಬಂದ. ತನ್ನನ್ನು ಕರೆದದ್ದು, ಕೂಗಿದ್ದು, ಅತ್ತದ್ದು ಎಲ್ಲ ಇವನೇ ಎಂದು ಈಗ ಗೊತ್ತಾಗಿ, ಹೋದ ಜೀವ ಬಂದಂತಾಯಿತು ಮುದುಕನಿಗೆ. ಮೇಷ್ಟ್ರು ಗಂಟಲು ತೋರಿಸುತ್ತಿದ್ದ, ಬಾಯಿ ತೆರೆದು ಮುಚ್ಚುತ್ತಿದ್ದ, ಶಕುಂತಲಮ್ಮನ ಕೈ ಹಿಡಿದು ಏನೋ ಬೇಡುತ್ತಿದ್ದ.

ಓಹೋ, ಈಗ ನನ್ನನ್ನೇ ಅಣಕಿಸುತ್ತಿದ್ದಾನೆ ಅಂದುಕೊಂಡ ತೋಟಪ್ಪ. ಥೇಟ್ ತನ್ನ ಹಾಗೇ. ಅವನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ.

ಗೋದಾಮಿನ ತಗಡು ಅದುರಿತು. ಅವತ್ತು ಹೋದ ದನಿ, ಇಪ್ಪತ್ತೆರಡರ ಹುಡುಗನ ನಗು. ಶಕುಂತಲಮ್ಮ ಸೆರಗು ಬಾಯಿಗೊತ್ತಿಕೊಂಡು ಜೋಳದ ಚೀಲದ ಮೇಲೆ ಕುಸಿದಳು. ನಗುವಿನ ಭರದಲ್ಲಿ ತೋಟಪ್ಪನಿಗೆ ಆ ಸದ್ದು ತನ್ನದೆಂಬುದು ಇನ್ನೂ ಹೊಳೆದಿರಲಿಲ್ಲ. ಮೇಷ್ಟ್ರ ಬೆನ್ನು ತಟ್ಟಿ ತಟ್ಟಿ ನಗುತ್ತಲೇ ಇದ್ದ.