ಹತ್ತು ಬಲೂನು

ಢಬ್!

ಆರು ಬಲೂನು ಒಡೆಯದೆ ಉಳಿದಿದ್ದವು, ಏಳನೆಯದು ಒಡೆಯಿತು. ಸೋಪಿನ ನೊರೆ ಹಾರಿ ಗುಬ್ಬಿಯ ಮೂಗಿಗೆ ಮೆತ್ತಿಕೊಂಡಿತು. ಮೊದಲಾಗಿದ್ದರೆ ಅಪ್ಪ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಅಪ್ಪ ಕ್ಷೌರದ ಕತ್ತಿ ಒರೆಸಿ, "ಮತ್ತೆ ಒಂದರಿಂದ," ಎಂದ.

ಅದು ಅಪ್ಪನಿಗೆ ಕೆಲಸ ಕಲಿಸಿದ ಗುರುವಿನ ಕಟ್ಟಳೆ. ಬಲೂನಿಗೆ ನೊರೆ ಬಳಿದು ಕತ್ತಿಯಿಂದ ಕೆರೆಯಬೇಕು. ಸಾಲಾಗಿ ಹತ್ತು ಒಡೆಯದೆ ಉಳಿದರೆ ಮಾತ್ರ ಮನುಷ್ಯರ ಕುತ್ತಿಗೆ ಮುಟ್ಟಬಹುದು. ಇಪ್ಪತ್ತು ವರ್ಷದ ಹಿಂದೆ ಪಾಸಾಗಿದ್ದ ಅಪ್ಪ ಈಗ ಮತ್ತೆ ಅದೇ ಕ್ಲಾಸಿಗೆ ಬಂದು ಕೂತಿದ್ದ.

ಅವನ ತಲೆಯೊಳಗೆ ಒಂದು ರಕ್ತನಾಳ ದಪ್ಪಗಾಗಿ, ಕಣ್ಣು ಹೊರಳಿಸುವ ನರವನ್ನು ಒತ್ತುತ್ತಿದೆಯಂತೆ. ಎಡಗಣ್ಣು ಕಿವಿಯ ಕಡೆಗೆ ತಿರುಗುವುದೇ ಇಲ್ಲ. ಒಂದು ಮುಖ ಎರಡಾಗಿ ಕಾಣುತ್ತದೆ. ಅದಕ್ಕೇ ಆ ಕಣ್ಣಿಗೆ ಪಟ್ಟಿ. ಪಟ್ಟಿ ಕಟ್ಟಿದರೆ ಮುಖವೇನೋ ಒಂದೇ, ಆದರೆ ಅದು ಎಷ್ಟು ಹತ್ತಿರವಿದೆ ಎಂದು ಸರಿಯಾಗಿ ತಿಳಿಯುವುದಿಲ್ಲ. ಆಪರೇಷನ್ ಮಾಡುವಂಥ ಜಾಗವಲ್ಲ, ಮಾತ್ರೆ ನುಂಗುತ್ತ ಕಾಯಬೇಕು, ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಂದಿನಿಂದ ಸಲೂನಿನ ಬಾಗಿಲು ಅರ್ಧ ಎಳೆದೇ ಇತ್ತು. ಅಪ್ಪ ಊಟಕ್ಕೆ ಕೂತಂತೆ ಮಾಡಿ ಎದ್ದುಬಿಡುತ್ತಿದ್ದ.

ಗುಬ್ಬಿಗೆ ಅದನ್ನು ನೋಡಲಾಗಲಿಲ್ಲ. ಬಲೂನು ಊದುವ ಕೆಲಸ ಅವಳದು. ಮರುದಿನ ಸ್ಕೂಲಿಂದ ಬಂದವಳು ಒಂದೊಂದಕ್ಕೂ ಸ್ವಲ್ಪವೇ ಗಾಳಿ ತುಂಬಿದಳು. ಮೆತ್ತಗಿದ್ದರೆ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ.

ಒಂದು, ಎರಡು... ಹತ್ತು. ಒಂದೂ ಒಡೆಯಲಿಲ್ಲ.

ಅಪ್ಪನ ಮುಖ ಅರಳಿತು. ಎಷ್ಟೋ ವಾರಗಳ ಮೇಲೆ ಸಿಳ್ಳೆ ಹಾಕಿದ. ಗುಬ್ಬಿಗೂ ಖುಷಿಯಾಯಿತು, ಅವನು ಕುರ್ಚಿ ಒರೆಸಿ ಕರೆಯುವ ತನಕ.

"ನಾಳೆ ಅಂಗಡಿ ತೆಗೀತೀನಿ ಗುಬ್ಬಿ. ಮೊದಲನೇ ಗಿರಾಕಿ ನೀನೇ. ಬಾ, ಕುತ್ತಿಗೆ ಹಿಂದೆ ಕೂದಲು ಎಷ್ಟು ಬೆಳೆದುಬಿಟ್ಟಿದೆ."

ಕುತ್ತಿಗೆಗೆ ನೊರೆ ತಣ್ಣಗೆ ಹತ್ತಿತು. ಕನ್ನಡಿಯೊಳಗೆ ಕತ್ತಿ ಹತ್ತಿರ ಬಂತು. ಇದೇ ಕುರ್ಚಿಯಲ್ಲಿ ಅವಳು ಎಷ್ಟೋ ಸಲ ತೂಕಡಿಸಿದ್ದಳು. ಇವತ್ತು ಎದೆ ಡವಡವ ಹೊಡೆದುಕೊಂಡಿತು. ಯಾವಾಗ ಅಂಗಡಿ ತೆಗೀತೀಯ ಎಂದು ದಿನಾ ಕೇಳುವ ಪೋಸ್ಟ್‌ಮ್ಯಾನ್ ತಾತ ನಾಳೆ ಇಲ್ಲೇ ಕೂರುತ್ತಾನೆ. ಅವನಿಗೆ ಬಲೂನಿನ ವಿಷಯ ಏನೂ ಗೊತ್ತಿರುವುದಿಲ್ಲ.

"ಅಪ್ಪ, ತಡಿ. ಬಲೂನಿಗೆ ಗಾಳಿ ಕಮ್ಮಿ ತುಂಬಿದ್ದೆ. ಬೇಕು ಅಂತಾನೇ."

ಕತ್ತಿ ಅಲ್ಲೇ ನಿಂತಿತು. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಟವೆಲಿನಿಂದ ಅವಳ ಕುತ್ತಿಗೆ ಒರೆಸಿದ. ಒಂದು ಬಲೂನನ್ನು ಹಿಸುಕಿ ನೋಡಿ, "ನನಗೇ ಗೊತ್ತಾಗ್ಬೇಕಿತ್ತು," ಎಂದ.

ಆಮೇಲೆ ಕತ್ತಿ ಮಡಚಿ, ಡಬ್ಬಿಯಲ್ಲಿಟ್ಟು ಅವಳ ಕೈಗೆ ಕೊಟ್ಟ.

"ಇದು ನಿನ್ನ ಹತ್ರಾನೇ ಇರಲಿ. ಬಲೂನಿಗೆ ಬಿಟ್ಟು ಬೇರೆ ಯಾವುದಕ್ಕೂ ಕೊಡ್ಬೇಡ. ನಾನು ಕೇಳಿದ್ರೂ."

ಡಬ್ಬಿ ಭಾರವಾಗಿತ್ತು. ಗುಬ್ಬಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಬಲೂನು ತೆಗೆದಳು. ಕೆನ್ನೆ ನೋಯುವ ತನಕ ಊದಿ, ಬಿಗಿಯಾಗಿ ಗಂಟು ಹಾಕಿ, ಅಪ್ಪನ ಮುಂದೆ ಹಿಡಿದಳು.

"ಒಂದು," ಎಂದಳು.