ಕೋಲ್ಕತ್ತಾ ಸುತ್ತಿ ತೆಲಿಗಿಗೆ

‘ಟಿಕೆಟ್ ರದ್ದಾಗಿದೆ. ರದ್ದು ಮಾಡಿದವರು: ಪ್ರಯಾಣಿಕರು. ಮೇ ಐದು, ಸಂಜೆ ಐದು ನಲವತ್ತು.’

ಈ ಸಂದೇಶವನ್ನು ನಾನು ಓದಿದ್ದು ಮೇ ಒಂಬತ್ತಕ್ಕೆ, ಹರಪನಹಳ್ಳಿ ಬಸ್ ಸ್ಟ್ಯಾಂಡ್ ಎದುರಿನ ನನ್ನ ಟಿಕೆಟ್ ಬುಕಿಂಗ್ ಅಂಗಡಿಯಲ್ಲಿ. ಅಂಗೈಯ ಮೆಹಂದಿ ಇನ್ನೂ ಕೆಂಪಗಿತ್ತು. ಪ್ರಯಾಣಿಕನ ಹೆಸರು ಹೊನ್ನೂರಸ್ವಾಮಿ, ನನ್ನನ್ನು ಮದುವೆಯಾಗಬೇಕಿದ್ದವನು. ಟಿಕೆಟ್ ಬುಕ್ ಮಾಡಿದವಳು ರೋಜಾ, ಅಂದರೆ ನಾನು. ಕಿಟಕಿ ಪಕ್ಕದ ಸೀಟು ಹುಡುಕಿ ಕೊಟ್ಟವಳೂ ನಾನೇ.

ಇವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಮೇ ಏಳಕ್ಕೆ ತೆಲಿಗಿಯ ನಮ್ಮ ಮನೆಯಲ್ಲಿ ಒಪ್ಪೀಳ್ಯ, ಅಂದರೆ ನಿಶ್ಚಿತಾರ್ಥ ಇತ್ತು. ನಮ್ಮಲ್ಲಿ ಕರಿ ಕಂಬಳಿ ಹಾಸಿ, ನಡುವೆ ದೇವರ ಅರಿಶಿನದ, ಭಂಡಾರದ ಬಟ್ಟಲು ಇಟ್ಟು, ಹುಡುಗ ಹುಡುಗಿ ಎದುರುಬದುರು ಕೂತು ವೀಳ್ಯ ಬದಲಿಸಿಕೊಳ್ಳಬೇಕು. ಆ ಕಂಬಳಿಯ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ, ಹೇಳಿದರೆ ಮೈಲಾರಲಿಂಗ ಕೇಳುತ್ತಾನೆ. ಹಾಸಿದ ಕಂಬಳಿಯನ್ನು ವೀಳ್ಯ ಆಗದೆ ಮಡಚುವಂತೆಯೂ ಇಲ್ಲ. ಆ ದಿನ ನನ್ನ ಅಜ್ಜಿ ಗಾಳೆಮ್ಮ ಎಂಬತ್ತು ಜನರ ಮುಂದೆ ಅದನ್ನು ಮಡಚಿದಳು. ಹುಡುಗನೇ ಬಂದಿರಲಿಲ್ಲ.

ಬೆಳಗ್ಗೆ ಟಿವಿ ಹಾಕಿದರೆ ರಾತ್ರಿಯೇ ಗಡಿಯಾಚೆ ದಾಳಿ ನಡೆದಿದೆ, ಉತ್ತರದ ವಿಮಾನ ನಿಲ್ದಾಣಗಳೆಲ್ಲ ಬಂದ್. ಅವನು ಇರುವುದು ಅಲ್ಲೇ, ಗಡಿ ಹತ್ತಿರದ ಒಂದು ವಾಯುನೆಲೆಯ ಟವರ್‌ನಲ್ಲಿ, ವಿಮಾನಗಳಿಗೆ ಇಳಿ ಎನ್ನುವ, ಏರು ಎನ್ನುವ ಕೆಲಸ. ಅಲ್ಲಿ ರನ್‌ವೇ ಒಂದೇ. ಫೈಟರ್‌ಗಳೂ ಅದರ ಮೇಲೆ, ನಮ್ಮಂಥವರು ಹತ್ತುವ ವಿಮಾನಗಳೂ ಅದರ ಮೇಲೆ. ಕದನ ಶುರುವಾದರೆ ಮೊದಲು ಜಾಗ ಖಾಲಿ ಮಾಡಬೇಕಾದವರು ನಮ್ಮಂಥವರು.

“ಪಾಪ, ಅಂವ ಏನ್ ಮಾಡ್ಯಾನು? ಏರ್‌ಪೋರ್ಟ್ ಬಂದ್ ಆದ್ರ ಹಾರಿ ಬರಾಕ ಅಂವೇನು ಹದ್ದೇನು?” ಎಂದು ಅಪ್ಪ ಗಾದೆಪ್ಪ ಎಲ್ಲರನ್ನೂ ಸಮಾಧಾನ ಮಾಡಿದ. ಹೊನ್ನೂರಸ್ವಾಮಿಯ ತಾಯಿ ದ್ಯಾಮಕ್ಕ ನಮ್ಮ ತಾಲ್ಲೂಕಿನದೇ ಅರಸೀಕೆರೆಯಿಂದ ತಂದ ಸೀರೆಯನ್ನು ನನ್ನ ಮಡಿಲಲ್ಲಿಟ್ಟು ಅತ್ತಳು. ನಾನೂ ಅತ್ತೆ, ಅವನ ಜೀವಕ್ಕೆ ಏನೂ ಆಗದಿರಲಿ ಎಂದು ಭಂಡಾರ ಹಚ್ಚಿಕೊಂಡೆ. ಅವನ ಫೋನ್ ಸ್ವಿಚ್ ಆಫ್ ಇತ್ತು. ಮುಂದೆ ಹತ್ತು ದಿನವೂ ಹಾಗೇ ಇತ್ತು.

ಎರಡು ದಿನ ಕಳೆದು ಅಂಗಡಿ ತೆರೆದೆ. ಒಪ್ಪೀಳ್ಯದ ಗಡಿಬಿಡಿಯಲ್ಲಿ ಮೇ ಐದರ ಮಧ್ಯಾಹ್ನವೇ ಬಾಗಿಲು ಹಾಕಿದ್ದೆ. ಕಂಪ್ಯೂಟರ್ ಹಾಕಿದ ಕೂಡಲೇ ಆ ಸಂದೇಶ ಕಂಡಿತು.

ಏರ್‌ಪೋರ್ಟ್ ಬಂದ್ ಆಗಿದ್ದು ಏಳಕ್ಕೆ. ಅವನ ವಿಮಾನ ಇದ್ದದ್ದು ಆರಕ್ಕೆ. ಆರರ ವಿಮಾನ ಹೊತ್ತಿಗೆ ಸರಿಯಾಗಿ ಹಾರಿ, ಹೊತ್ತಿಗೆ ಸರಿಯಾಗಿ ಬೆಂಗಳೂರಿಗೆ ಇಳಿದಿತ್ತು, ನಾನೇ ತೆಗೆದು ನೋಡಿದೆ. ಅವನು ಐದಕ್ಕೇ, ತನ್ನ ಕೈಯಾರೆ, ಬರುವುದಿಲ್ಲ ಎಂದು ಒತ್ತಿದ್ದ. ಯುದ್ಧದ ನೆಪ ಆಮೇಲೆ ತಾನಾಗಿ ಒದಗಿ ಬಂದಿತ್ತು. ಊರೆಲ್ಲ ಅವನಿಗಾಗಿ ಮರುಗುತ್ತಿತ್ತು. ನಿಜ ಗೊತ್ತಿದ್ದವಳು ನಾನೊಬ್ಬಳೇ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಹಿರಿಯರು ಕೂಡಿ ನ್ಯಾಯ ಮಾಡುತ್ತಾರೆ, ನಾಲ್ಕು ಮಾತು ಬೈದು ಬಿಡುತ್ತಾರೆ. ನನಗೆ ನ್ಯಾಯ ಬೇಕಿರಲಿಲ್ಲ, ಸೇಡು ಬೇಕಿತ್ತು.

ಹಾಗಂತ ಪ್ರೀತಿ ಹೋಗಿತ್ತೇ? ಹೋಗಿದ್ದರೆ ಸೇಡು ಯಾಕೆ ಬೇಕು! ಎರಡು ವರ್ಷದ ಹಿಂದೆ ಮೊದಲ ಸಲ ಅಂಗಡಿಗೆ ಬಂದವನು ಕೌಂಟರ್ ಮೇಲೆ ಮೊಣಕೈ ಊರಿ, “ಕಿಟಕಿ ಸೀಟು ಕೊಡ್ರಿ ಮೇಡಂ” ಎಂದಿದ್ದ.

“ದಿನಾ ವಿಮಾನ ನೋಡಾವರಿಗೆ ಕಿಟಕಿ ಯಾಕ್ರಿ?” ಎಂದೆ, ಅವನ ವಾಯುಸೇನೆಯ ಗುರುತಿನ ಚೀಟಿ ನೋಡಿ.

“ನಾನು ಕೆಳಗ ನಿಂತು ನೋಡಾಂವ. ಮ್ಯಾಲಿಂದ ಒಂದ್ಸಲ ನಮ್ಮ ಕೆರಿ ನೋಡಬೇಕು.”

“ಬೆಂಗಳೂರು ವಿಮಾನ ನಮ್ಮ ಕೆರಿ ಮ್ಯಾಲೆ ಬರ್ತೈತೇನು?”

“ಬರಂಗಿಲ್ಲ. ಬಂದ್ರೂ ಬರಬಹುದು ಅಂತ ಕಿಟಕಿ ಕಡೆ ಕುಂದ್ರಾದು.” ಹಾಗೆಂದವನು ಕೆರೆ ನೋಡುವ ಕಣ್ಣಲ್ಲೇ ನನ್ನನ್ನು ನೋಡಿದ. ನಾನು ಕೀಬೋರ್ಡ್ ಮೇಲೆ ತಪ್ಪು ತಾರೀಖು ಒತ್ತಿ, ಅಳಿಸಿ, ಮತ್ತೆ ಒತ್ತಿದೆ. ಅವನು ತುಟಿಯಂಚಿನಲ್ಲಿ ನಕ್ಕ. ಅಂಥ ನಗೆ ನಕ್ಕವನು ಎಂಬತ್ತು ಜನರ ಮುಂದೆ ನನ್ನ ಕಂಬಳಿ ಮಡಚಿಸಿದ.

ಹನ್ನೊಂದನೇ ದಿನ ಫೋನ್ ಬಂತು.

“ರೋಜಾ, ಸಿಟ್ಟಾಗೀಯೇನು?”

“ಇಲ್ರೀ. ಯುದ್ಧ ಅಂದ್ಮ್ಯಾಲೆ ಯಾರೇನು ಮಾಡಾಕಾಗ್ತೈತಿ?” ಎಂದೆ, ಬೆಲ್ಲ ಹಾಕಿ.

“ಫೋನಿನ್ಯಾಗ ಏನೂ ಹೇಳಾಕ ಬರಂಗಿಲ್ಲ. ಬಂದಾಗ ಹೇಳ್ತೀನಿ.”

ಸುಳ್ಳು ಹೊಲಿಯಲು ಪುರುಸೊತ್ತು ಬೇಕಲ್ಲ, ಹೊಲಿ ಎಂದುಕೊಂಡೆ. ಆರು ತಿಂಗಳು ಹಾಗೆ ಬೆಲ್ಲ ಹಾಕಿಯೇ ಮಾತಾಡಿದೆ. ಒಳಗೆ ಬೇವಿನ ಕಷಾಯ ಕುದಿಯುತ್ತಿತ್ತು. ಬೀದಿಯಲ್ಲಿ ಹೆಂಗಸರು ನನ್ನನ್ನು ‘ಮಡಚಿದ ಕಂಬಳಿ ಹುಡುಗಿ’ ಎಂದು ಕರೆಯುವುದು ಕಿವಿಗೆ ಬೀಳುತ್ತಿತ್ತು. ಪ್ರತಿ ಸಲ ಬಿದ್ದಾಗಲೂ ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದೆ.

ನವೆಂಬರಿಗೆ ಮತ್ತೆ ಒಪ್ಪೀಳ್ಯ ಗೊತ್ತಾಯಿತು. “ಟಿಕೆಟ್ ನೀನ ಮಾಡು, ನಿನ್ನ ಕೈಗುಣ ಚೊಲೊ ಐತಿ” ಎಂದ ಭೂಪ.

ಮಾಡಿದೆ. ಅವನ ವಾಯುನೆಲೆಯ ಊರಿಂದ ಬೆಂಗಳೂರಿಗೆ ನೇರ ವಿಮಾನ ಇತ್ತು, ಮೂರು ತಾಸಿನ ದಾರಿ. ಅದನ್ನು ಬಿಟ್ಟೆ. ಅಲ್ಲಿಂದ ದಿಲ್ಲಿಗೆ ರೈಲು, ಮೇಲಿನ ಬರ್ತ್. ದಿಲ್ಲಿಯಿಂದ ಕೋಲ್ಕತ್ತಾಕ್ಕೆ ವಿಮಾನ, ಕಡೆಯ ಸಾಲು, ನಡುವಿನ ಸೀಟು, ಬೆನ್ನ ಹಿಂದೆ ಟಾಯ್ಲೆಟ್. ಕೋಲ್ಕತ್ತಾದಲ್ಲಿ ಹನ್ನೊಂದು ತಾಸು ಕಾಯುವುದು. ಅಲ್ಲಿಂದ ಹೈದರಾಬಾದ್, ಮತ್ತೆ ನಡುವಿನ ಸೀಟು. ಹೈದರಾಬಾದಿನಿಂದ ಬಳ್ಳಾರಿಗೆ ಬಸ್ಸು, ಹಿಂದಿನ ಚಕ್ರದ ಮೇಲೆ. ಬಳ್ಳಾರಿಯಿಂದ ಹರಪನಹಳ್ಳಿ, ಹರಪನಹಳ್ಳಿಯಿಂದ ತೆಲಿಗಿ. ಇಷ್ಟು ಚೆಂದದ ಟಿಕೆಟ್ ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

“ಇದೇನಿದು, ಭೂಮಿ ಪ್ರದಕ್ಷಿಣೀನಾ?” ಎಂದ.

“ಪಾಕಿಸ್ತಾನದವ್ರ ಆಕಾಶ ಮುಚ್ಚೇತಲ್ರೀ. ದುಬೈಗೆ, ಲಂಡನ್ನಿಗೆ ಹೋಗಾ ವಿಮಾನ ಎಲ್ಲಾ ಸುತ್ತಿ ಹೋಗಾಕತ್ಯಾವ.”

“ಅದು ಆ ಕಡಿ ಹೋಗಾವಕ್ಕ. ನಾನು ಬರ್ತಿರಾದು ಈ ಕಡಿ.”

“ನೀವು ಟವರ್‌ನ್ಯಾಗ ಕುಂತವ್ರು, ನಾನು ಕೌಂಟರ್‌ನ್ಯಾಗ ಕುಂತಾಕಿ. ಟಿಕೆಟ್ ಯಾರಿಗೆ ಹೆಚ್ಚು ಗೊತ್ತೈತಿ?”

“ಆತು ಬಿಡು. ನೀ ಹಾಕಿದ ದಾರಿ” ಎಂದ.

ದಾರಿಯಲ್ಲಿ ಸೋತು ಸುಣ್ಣವಾಗಿ ಬಂದು ಕಂಬಳಿ ಮೇಲೆ ಕೂರಬೇಕು. ಕೂತ ಮೇಲೆ ಎಲ್ಲರ ಮುಂದೆ ಮೇ ಐದರ ಸಂಜೆಯ ಲೆಕ್ಕ ಕೇಳಬೇಕು. ಆಮೇಲೆ ಅವನು ಕೊಟ್ಟ ವೀಳ್ಯವನ್ನು ಅವನ ಕೈಗೇ ತಿರುಗಿ ಇಟ್ಟು ಎದ್ದು ಬರಬೇಕು. ಒಮ್ಮೆ ತಿರುಗಿಸಿದ ವೀಳ್ಯ ಮತ್ತೆ ಬರುವುದಿಲ್ಲ. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಪಣ ತೊಟ್ಟಿದ್ದೆ.

ಅವನ ತಾಯಿಗೆ ಮಾತ್ರ, ಒಪ್ಪೀಳ್ಯದ ಹಿಂದಿನ ದಿನ ಮಧ್ಯಾಹ್ನದ ನೇರ ವಿಮಾನ ಎಂದು ಹೇಳಿಟ್ಟೆ, ಯಾರೂ ಪ್ರಶ್ನೆ ಕೇಳದಿರಲಿ ಅಂತ. ಎಲ್ಲಿದ್ದೀನಿ, ಯಾವ ದಾರಿ ಎಂದು ಅವನು ಫೋನಿನಲ್ಲಿ ಮನೆಗೆ ಹೇಳುವವನಲ್ಲ. ಸೈನ್ಯದ ಅಭ್ಯಾಸ.

ಒಪ್ಪೀಳ್ಯದ ದಿನ ಬೆಳಗ್ಗೆ ದ್ಯಾಮಕ್ಕ ನಮ್ಮ ಅಂಗಳಕ್ಕೆ ಬಂದವಳೇ ಕುಸಿದು ಕೂತಳು.

“ಕೆಟ್ಟೆವಲ್ಲೇ ತಾಯಿ! ನಿನ್ನೆ ಆ ವಿಮಾನ ಹಾರೇ ಇಲ್ಲಂತ. ಗಡಿ ಕಡೆ ಮಿಲಿಟರಿ ವಿಮಾನದವ್ರು ಅಭ್ಯಾಸ ಮಾಡ್ತಾರಂತ ಹೇಳಿ ಆಕಾಶ ಬಂದ್ ಮಾಡ್ಯಾರಂತ. ಅವನ ಫೋನ್ ಬ್ಯಾರೆ ಹತ್ತವಲ್ದು.”

ಅಪ್ಪ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಅಜ್ಜಿ ಕಂಬಳಿಯನ್ನು ಎದೆಗೆ ಅವಚಿಕೊಂಡು, “ಈ ಸಲ ನಾನು ಹಾಸಾಕಿ ಅಲ್ಲ. ಎರಡನೇ ಸಲ ಮಡಚಾಕ ನನ್ನ ಕೈಲಿ ಆಗಂಗಿಲ್ಲ” ಎಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಆ ವಿಮಾನದಲ್ಲಿ ಇರಲೇ ಇಲ್ಲ! ನನ್ನ ಸಿಟ್ಟು ಅವನನ್ನು ಎರಡು ದಿನ ಮೊದಲೇ ರೈಲು ಹತ್ತಿಸಿತ್ತು. ಈ ಹೊತ್ತಿಗೆ ಅವನು ಬಳ್ಳಾರಿ ದಾಟಿ ಈ ಕಡೆ ಬರುತ್ತಿರಬೇಕು. ಇದನ್ನು ಬಾಯಿಬಿಟ್ಟರೆ ಸೇಡು ಬಯಲಾಗುತ್ತದೆ. ಬಿಡದಿದ್ದರೆ ಅಜ್ಜಿಯ ಮುಖ ನೋಡಲಾಗುವುದಿಲ್ಲ.

“ಕಂಬಳಿ ಹಾಸಬೇ ಅಜ್ಜಿ” ಎಂದೆ. “ಬರ್ತಾನ.”

“ಹೆಂಗ ಬರ್ತಾನಲೇ?”

“ಬರ್ತಾನ ಅಂದ್ನೆಲ್ಲ. ಹಾಸು.”

ದ್ಯಾಮಕ್ಕ ನನ್ನ ಮುಖವನ್ನು ದೇವರ ಮುಖ ನೋಡಿದಂತೆ ನೋಡಿದಳು. ಅಜ್ಜಿ ಕಂಬಳಿ ಹಾಸಿದಳು. ಮೇ ತಿಂಗಳಲ್ಲಿ ಬಂದಿದ್ದವರೇ ಮತ್ತೆ ಬಂದು ಕೂತರು. ಹನ್ನೊಂದು ಹೊಡೆಯಿತು. ಹನ್ನೊಂದೂವರೆ ಆಯಿತು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಸಿಟ್ಟಿನಿಂದ ಟಿಕೆಟ್ ಮಾಡಿದವಳು ಬಾಗಿಲ ಹಿಂದೆ ನಿಂತು, ಬಸ್ಸು ಕೆಡದಿರಲಿ ಎಂದು ಮೈಲಾರನಿಗೆ ಹರಕೆ ಹೊತ್ತೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅವನು ಬಂದ. ಅಂಗಿ ಮುದ್ದೆ, ಕಣ್ಣು ಕೆಂಡ, ಗಡ್ಡ ಎರಡು ದಿನದ್ದು, ತಲೆಯ ಮೇಲೆ ಬಳ್ಳಾರಿ ರಸ್ತೆಯ ಧೂಳೆಲ್ಲ. ಬಾಗಿಲ ಸಂದಿಯಲ್ಲಿ ನನ್ನನ್ನು ಕಂಡು, ಆ ಸ್ಥಿತಿಯಲ್ಲೂ, ತುಟಿಯಂಚಿನಲ್ಲಿ ನಕ್ಕ. ಹಾಳಾದ್ದು, ಎದೆ ಬಡಿದುಕೊಂಡಿತು.

ರೋಜಾ ಮಾಡಿಕೊಟ್ಟ ಟಿಕೆಟ್ಟಿನಲ್ಲೇ ಕೋಲ್ಕತ್ತಾ ಸುತ್ತಿ ಬಂದೆ ಎಂದು ತಾಯಿಗೆ ಹೇಳಿದ. “ನನ್ನ ಸೊಸಿ ಆಕಾಶ ಓದ್ತಾಳ!” ಎಂದು ದ್ಯಾಮಕ್ಕ ಕೂಗಿದಳು. “ವಿಮಾನ ಬಂದ್ ಆಗ್ತೈತಂತ ಮೊದಲ ತಿಳಕೊಂಡು ಬ್ಯಾರೆ ದಾರಿ ಹಾಕ್ಯಾಳ!”

ಎಲ್ಲರೂ ನನ್ನನ್ನು ಹೊಗಳಿದರು. ಆರು ತಿಂಗಳು ಕಾಯಿಸಿದ ನನ್ನ ಸೇಡಿಗೆ ಹೂವಿನ ಹಾರ ಬಿತ್ತು. ಅಷ್ಟು ಅವಮಾನ ನನಗೆ ಮೇ ಏಳಕ್ಕೂ ಆಗಿರಲಿಲ್ಲ.

ಎದುರುಬದುರು ಕೂತೆವು. ಅವನು ವೀಳ್ಯ ಕೊಟ್ಟ. ನಾನು ತೆಗೆದುಕೊಂಡು ಅಂಗೈಯಲ್ಲೇ ಹಿಡಿದೆ, ಸೆರಗಿಗೆ ಕಟ್ಟಲಿಲ್ಲ. ಕಟ್ಟಿದರೆ ಒಪ್ಪಿದಂತೆ.

“ಒಂದು ಮಾತು ಕೇಳಾದೈತಿ” ಎಂದೆ. “ಕಂಬಳಿ ಮ್ಯಾಲೆ ಕುಂತೀರಿ, ಖರೆ ಹೇಳ್ರಿ. ಏರ್‌ಪೋರ್ಟ್ ಬಂದ್ ಆಗಿದ್ದು ಮೇ ಏಳಕ್ಕ. ನೀವು ಐದಕ್ಕ ಟಿಕೆಟ್ ಕ್ಯಾನ್ಸಲ್ ಮಾಡೀರಿ. ಯಾಕ?”

ಜನ ಪಿಸುಗುಟ್ಟಿದರು. ಅಪ್ಪ ತಲೆ ಎತ್ತಿದ. ಹೊನ್ನೂರಸ್ವಾಮಿಯ ನಗು ಇಳಿಯಿತು.

“ನೀ ಅದನ್ನ ಯಾವಾಗ ನೋಡಿದಿ?”

“ಒಂಬತ್ತಕ್ಕ.”

“ಒಂಬತ್ತಕ್ಕ?” ಅವನು ಕಣ್ಣು ಮುಚ್ಚಿ ತೆರೆದ. “ಐದಕ್ಕ ಸಂಜೀಕ ಎಲ್ಲಾರ ರಜಾ ರದ್ದಾತು. ಫೋನ್ ಒಪ್ಪಿಸಾಕ ಹೇಳಿದ್ರು. ಮನಿಗೆ ಒಂದು ಮಾತೂ ಹೇಳಂಗಿಲ್ಲ, ಬರಂಗಿಲ್ಲ ಅನ್ನಾದನ್ನೂ ಹೇಳಂಗಿಲ್ಲ. ಸಾಲಿನ್ಯಾಗ ನಿಂತಾಗ ನೆನಪಾತು, ಟಿಕೆಟ್ ರದ್ದು ಮಾಡಿದ್ರ ಅದರ ಮೆಸೇಜ್ ನಿನ್ನ ಅಂಗಡಿಗೆ ಹೋಗ್ತೈತಿ. ಟಿಕೆಟ್ ರದ್ದು ಮಾಡಬ್ಯಾಡ ಅಂತ ಯಾರೂ ಹೇಳಿರಲಿಲ್ಲ. ನೀ ನೋಡ್ತಿ, ಕಂಬಳಿ ಹಾಸಾಕಿಂತ ಮೊದಲ ಎಲ್ಲಾರನ್ನೂ ತಡೀತಿ ಅಂದ್ಕಂಡೆ. ನಾನು ನಿನಗ ಬರೆದ ಕಾಗದ ಅದೊಂದ, ರೋಜಾ.”

ಆ ಸಂಜೆ ನಾನು ಅಂಗಡಿಗೆ ಬೀಗ ಹಾಕಿ ಮೆಹಂದಿ ಹಚ್ಚಿಸಿಕೊಳ್ಳುತ್ತಿದ್ದೆ.

“ಏಳಕ್ಕ ಬೆಳಿಗ್ಗೆ, ಸಿವಿಲ್ ವಿಮಾನ ಬಂದ್ ಅಂತ ಟವರ್ ಬೋರ್ಡಿನ ಮ್ಯಾಲೆ ಬರದಾಂವ ನಾನ” ಎಂದ. “ಬರಿಯಾವಾಗ ಇಲ್ಲಿ ಕಂಬಳಿ ಹಾಸಿರಂಗಿಲ್ಲ ಅಂತ ಸಮಾಧಾನ ಇತ್ತು.”

ಅಂಗೈಯೊಳಗೆ ವೀಳ್ಯ ಬೆವರಿತು. ಈಗ ಅದನ್ನು ಕಟ್ಟಿಕೊಂಡು ಎದ್ದುಬಿಡಬಹುದಿತ್ತು. ಆದರೆ ಅವನು ಬಿಡಲಿಲ್ಲ.

“ಈಗ ನೀ ಹೇಳು. ನೀನೂ ಕಂಬಳಿ ಮ್ಯಾಲೆ ಕುಂತೀ. ಕೋಲ್ಕತ್ತಾ ದಾರಿ ಯಾಕ ಹಾಕಿದಿ?”

ದ್ಯಾಮಕ್ಕ ಮುಖ ಅರಳಿಸಿ ನನ್ನ ಕಡೆ ತಿರುಗಿದಳು. ಎಂಬತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಎದುರಿಗೆ ಭಂಡಾರ ಇತ್ತು.

“ಸೇಡು ತೀರಿಸ್ಕೊಳಾಕ” ಎಂದೆ. “ಟಾಯ್ಲೆಟ್ ಪಕ್ಕದ ಸೀಟೂ ಬೇಕಂತನ ಹಾಕಿದ್ದು. ಈ ವೀಳ್ಯ ತಿರುಗಿ ಕೊಡಬೇಕಂತ ಮಾಡಿದ್ದೆ.”

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ದ್ಯಾಮಕ್ಕನ ಬಾಯಿ ತೆರೆದದ್ದು ಹಾಗೇ ಉಳಿಯಿತು.

“ಗೊತ್ತಿತ್ತು” ಎಂದ ಅವನು. “ದಿನಾ ವಿಮಾನಕ್ಕ ದಾರಿ ಹೇಳಾಂವಗ ಇದು ಯಾವ ದಾರಿ ಅಂತ ತಿಳಿಯಂಗಿಲ್ಲೇನು? ಯಾಕಂತ ಮಾತ್ರ ತಿಳೀಲಿಲ್ಲ. ಕೋಲ್ಕತ್ತಾದಾಗ ಹನ್ನೊಂದು ತಾಸು ಕುಂತು ಯೋಚನಿ ಮಾಡೀನಿ, ಇಷ್ಟು ನೆಟ್ಟಗ ಸೇಡು ತೀರಿಸ್ಕೊಳಾಕಿ ಎಷ್ಟು ನೊಂದಿರಬೇಕು ಅಂತ.”

“ಗೊತ್ತಿದ್ದೂ ಯಾಕ ಬಂದ್ರಿ ಅದ ದಾರ್ಯಾಗ?”

“ಬ್ಯಾರೆ ಟಿಕೆಟ್ ತಗಂಡಿದ್ರ ನಿನ್ನ ಸೇಡು ಅರ್ಧಕ್ಕ ನಿಲ್ತಿತ್ತು. ಅರ್ಧ ಸೇಡು ಮನ್ಯಾಗ ಇಟ್ಕಂಡು ಸಂಸಾರ ಮಾಡಾಕ ಬರಂಗಿಲ್ಲ.”

ಆಗ ನನಗೆ ಅಳು ಬಂತು. ಆರು ತಿಂಗಳ ಬೆಲ್ಲದ ಮಾತು, ಬೇವಿನ ಕಷಾಯ ಎಲ್ಲ ಒಟ್ಟಿಗೆ ಬಂತು. ಅಷ್ಟು ಜನರ ಮುಂದೆ ಅವನು ಕೈ ಚಾಚಲಿಲ್ಲ. ಜೇಬಿನಿಂದ ಮುದುಡಿದ ಬೋರ್ಡಿಂಗ್ ಪಾಸು, ರೈಲು ಟಿಕೆಟ್, ಬಸ್ ಟಿಕೆಟ್ ಎಲ್ಲ ತೆಗೆದು ಭಂಡಾರದ ಬಟ್ಟಲ ಪಕ್ಕ ಒಂದೊಂದಾಗಿ ಇಟ್ಟ.

“ಸಿಟ್ಟು ಹೋತೇನು?” ಎಂದು ಮೆಲ್ಲಗೆ ಕೇಳಿದ.

ಕಂಬಳಿ ಮೇಲೆ ಸುಳ್ಳು ಹೇಳುವಂತಿಲ್ಲ. “ಪೂರ್ತಿ ಹೋಗಿಲ್ಲ.”

“ಎಷ್ಟು ಉಳದೈತಿ?”

“ಇನ್ನೊಂದು ಟಿಕೆಟ್ ಆಗಾಷ್ಟು.”

“ಹಂಗಾರ ಚೊಲೊ ಆತು. ನನ್ನ ವಾಪಸ್ ಟಿಕೆಟ್ ಇನ್ನೂ ಆಗಿಲ್ಲ.”

ಮೊದಲು ನಕ್ಕವಳು ಅಜ್ಜಿ. ನಾನು ವೀಳ್ಯವನ್ನು ಸೆರಗಿಗೆ ಎರಡು ಗಂಟು ಹಾಕಿ ಕಟ್ಟಿದೆ.

ವಾಪಸ್ ಟಿಕೆಟ್ಟನ್ನು ನಾನೇ ಮಾಡಿದೆ. ನೇರ ವಿಮಾನ, ಆದರೆ ನಡುವಿನ ಸೀಟು.

ಮದುವೆ ಫೆಬ್ರವರಿಗೆ. ಬರುವ ಟಿಕೆಟ್ ಆಗಲೇ ಆಗಿದೆ, ಕಿಟಕಿ ಪಕ್ಕ, ನಾಲ್ಕು ದಿನ ಮೊದಲು. ಗಡಿಯಲ್ಲಿ ಯಾವಾಗ ಏನಾಗುತ್ತದೋ ಯಾರಿಗೆ ಗೊತ್ತು? ಅದಕ್ಕೇ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ, ಅರಿಶಿನ ಹಚ್ಚಿದ ಮೈಯಲ್ಲೇ ಕಂಪ್ಯೂಟರ್ ಮುಂದೆ ಬಂದು ಕೂರುತ್ತೇನೆ, ಅವನು ಬಂದು ಬಾಗಿಲಲ್ಲಿ ನಿಲ್ಲುವವರೆಗೆ ಅಂಗಡಿಗೆ ಬೀಗ ಹಾಕುವುದಿಲ್ಲ.